ಹುಳದ ಮನೆಯ ಬೀಗ

ಹಾರೋಹಳ್ಳಿ
5-10-2008, ಭಾನುವಾರ

ಪ್ರೀತಿಯ ಅಣ್ಣ,

ನಿನ್ನ ಮಣಿಯ ನಮಸ್ಕಾರ. ಹೇಗಿದ್ದೀಯ? ಸೌದಿಯ ದಮಾಮಿನ ಬಿಸಿಲು ಈಗಲಾದರೂ ಒಂದಿಷ್ಟು ತಗ್ಗಿದೆಯಾ? ಬೆನ್ನುನೋವು ಹೇಗಿದೆ? ದಿನವಿಡೀ ಲಾರಿ ಓಡಿಸಿ ಬಂದು ಹಾಗೇ ಅಡ್ಡಾಗಬೇಡ, ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊ. ಮುದ್ದೆ ಸಿಗದ ಊರಿನಲ್ಲಿ ಏನು ತಿಂದು ಬದುಕಿದ್ದೀಯೋ ಎಂದು ಊಟಕ್ಕೆ ಕೂತಾಗಲೆಲ್ಲ ಅನ್ನಿಸುತ್ತದೆ. ಈ ಕಾಗದವನ್ನು ಪಕ್ಕದ ಮನೆಯ ರಹೀಮಾಳ ಗಂಡನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರೂ ನೀನಿರುವ ಊರಲ್ಲೇ ಕೆಲಸದಲ್ಲಿರುವುದು. ರಂಜಾನ್ ಹಬ್ಬಕ್ಕೆ ಬಂದಿದ್ದವರು ಇವತ್ತು ಸಂಜೆ ಹೊರಟಿದ್ದಾರೆ. ಜೊತೆಗೆ ಒಂದು ಡಬ್ಬಿ ಹುರುಳಿಕಾಳಿನ ಚಟ್ನಿಪುಡಿ ಇದೆ. ರೂಮಿನವರಿಗೆಲ್ಲ ಹಂಚಿ ದೊಡ್ಡಸ್ತಿಕೆ ತೋರಿಸಬೇಡ, ನೀನೂ ತಿನ್ನು.

ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೋದರೆ ಕೈ ಓಡುತ್ತಿಲ್ಲ. ನಮ್ಮನೆಯವರು ಬಿಡದಿಯ ಫ್ಯಾಕ್ಟರಿ ಬಸ್ಸು ಓಡಿಸುತ್ತಾರೆ, ಈಗ ರಾತ್ರಿ ಪಾಳಿ. ಅವರು ಬರುವ ಹೊತ್ತಿಗೆ ನಾನು ಹೊರಡುತ್ತೇನೆ, ನಾನು ಬರುವ ಹೊತ್ತಿಗೆ ಅವರು ಹೊರಡುತ್ತಾರೆ. ಸಾರು ಎಲ್ಲಿದೆ, ಗ್ಯಾಸು ಮುಗಿದಿದೆಯಾ, ಇಷ್ಟೇ ನಮ್ಮ ಮಾತು. ಗೌರಿ ಹಬ್ಬದ ದಿನವಂತೂ ಕೇಳಬೇಡ. ವಠಾರದ ಹೆಂಗಸರಿಗೆಲ್ಲ ತವರಿನಿಂದ ಅಣ್ಣತಮ್ಮಂದಿರು ಬಂದಿದ್ದರು. ಬಳೆ, ರವಿಕೆ ಬಟ್ಟೆ, ಕಾಯಿ ಹಣ್ಣು ಎಂದು ಮಧ್ಯಾಹ್ನದವರೆಗೂ ಗದ್ದಲವೋ ಗದ್ದಲ. ನಾನು ತಲೆನೋವು ಎಂದು ಸುಳ್ಳು ಹೇಳಿ ಅಗುಳಿ ಹಾಕಿಕೊಂಡು ಮಲಗಿದ್ದೆ. ನನಗೆ ಸೀರೆ ಬೇಕಿರಲಿಲ್ಲ ಅಣ್ಣ. ನೀನು ಬಾಗಿಲಲ್ಲಿ ನಿಂತು “ಏನಮ್ಮಿ, ಒಸಿ ದಪ್ಪ ಆಗ್ಬುಟ್ಟಿದ್ದೀಯಲ್ಲ” ಎಂದು ರೇಗಿಸಿದ್ದರೆ ಸಾಕಿತ್ತು.

ಈಗ ಇಲ್ಲಿಯ ಸುದ್ದಿ. ಚಿಕ್ಕಪ್ಪ ನಿನಗೆ ಫೋನು ಮಾಡಿ ತನಗೆ ಬೇಕಾದಂತೆ ಹೇಳುವ ಮೊದಲು ನಾನೇ ಹೇಳಬೇಕು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಾನು ಸೂಪರ್‌ವೈಸರ್ ಆಗಿರುವ ಕಂಪನಿ ನಿನಗೆ ಗೊತ್ತಲ್ಲ, ಬೆಂಗಳೂರಿನ ಕಸದ ಪ್ಲಾಸ್ಟಿಕ್ಕು ತಂದು ತೊಳೆದು ಕರಗಿಸಿ ಸಣ್ಣ ಕಾಳು ಮಾಡಿ ಹೊರದೇಶಕ್ಕೆ ಮಾರುತ್ತಾರೆ. ಕವರು, ಬಾಟಲಿಗಳನ್ನು ಬೇರೆ ಬೇರೆ ಮಾಡುವ ಕೆಲಸವನ್ನು ಸುತ್ತಲ ಹಳ್ಳಿಗಳಲ್ಲಿ ಕಂಟ್ರಾಕ್ಟರುಗಳು ಮಾಡಿಸಿ ನಮಗೆ ಮೂಟೆ ಕಳಿಸುತ್ತಾರೆ. ಈ ವರ್ಷ ಹೊರದೇಶದವರು ಒಂದು ಷರತ್ತು ಹಾಕಿದರು. ನಿಮ್ಮಲ್ಲಾಗಲಿ, ನಿಮಗೆ ಮಾಲು ಕೊಡುವವರಲ್ಲಾಗಲಿ ಯಾರನ್ನೂ ಜೀತಕ್ಕೆ ಇಟ್ಟುಕೊಂಡಿರಬಾರದು, ನೀವೇ ಹೋಗಿ ನೋಡಿ ಬರಬೇಕು ಎಂದು. ನಾವೆಲ್ಲ ನಕ್ಕೆವು. ಜೀತವೆಲ್ಲ ಅಜ್ಜನ ಕಾಲಕ್ಕೇ ಮುಗಿಯಿತು ಎಂದುಕೊಂಡಿದ್ದೆ ನಾನು. ಆಫೀಸಿನ ಸುಮನಾ ಮೇಡಂ ಮಾತ್ರ ನಗಲಿಲ್ಲ. ಹೆಂಗಸರ ಹತ್ತಿರ ಮಾತಾಡಲು ನೀನು ಬಾ ಎಂದು ನನ್ನನ್ನೂ ಜೀಪು ಹತ್ತಿಸಿಕೊಂಡರು.

ಗೌರಿ ಹಬ್ಬ ಕಳೆದ ವಾರ ಸಾತನೂರಿನ ಕಡೆ ಹೋದೆವು. ಜೀಪು ನಮ್ಮೂರಿನ ದಾರಿಗೇ ತಿರುಗಿತು. ಯಾರ ಗೋಡೌನಪ್ಪ ಇದು ಎಂದು ನಾನು ಯೋಚಿಸುತ್ತಿರುವಾಗಲೇ ಡ್ರೈವರು ತಂದು ನಿಲ್ಲಿಸಿದ್ದು ಎಲ್ಲಿ ಗೊತ್ತಾ? ನಮ್ಮ ರೇಷ್ಮೆಹುಳದ ಮನೆಯ ಮುಂದೆ! ನೀನು ಹೋಗುವಾಗ ಹುಳ ಮೇಯಿಸಿಕೊಳ್ಳಲಿ ಎಂದು ಗಂಗಹನುಮಯ್ಯನಿಗೆ ಬಿಟ್ಟುಕೊಟ್ಟೆಯಲ್ಲ, ಅದೇ ಮನೆ. ನಮಗೆ ಮೂಟೆ ಕಳಿಸುವ ಕಂಟ್ರಾಕ್ಟರುಗಳಲ್ಲಿ ಅವನೂ ಒಬ್ಬ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಮುಂದಿನ ಕೋಣೆಯಲ್ಲಿ ನಾಲ್ಕು ತಟ್ಟೆ ಹುಳ ಇಟ್ಟಿದ್ದಾನೆ, ತೋರಿಕೆಗೆ. ಹೊಸಿಲಿಗೆ ಬ್ಲೀಚಿಂಗ್ ಪುಡಿ ಚೆಲ್ಲಿದ್ದಾನೆ. ಒಳಗೆ ಎಳೆಹುಳ ಇದೆ, ಹೊರಗಿನವರು ಬಂದರೆ ರೋಗ ತಗಲುತ್ತದೆ ಎಂದು ಊರಿಗೆಲ್ಲ ಹೇಳಿದ್ದಾನೆ. ನಮ್ಮ ಜನ ನಿನಗೆ ಗೊತ್ತಲ್ಲ, ಬೇರೆಯವರ ಅಡುಗೆಮನೆಗಾದರೂ ನುಗ್ಗಿಯಾರು, ಹುಳದ ಮನೆಗೆ ಮಾತ್ರ ಇಣುಕುವುದಿಲ್ಲ. ಬಾಗಿಲಿಗೆ ಬೀಗ ಇದ್ದರೆ ಜೋಪಾನ ಮಾಡುತ್ತಿದ್ದಾನೆ ಎಂದುಕೊಂಡು ಹೋಗುತ್ತಾರೆ. ಪಕ್ಕದಲ್ಲೇ ಇರುವ ಮುನಿರಾಮಯ್ಯ ಚಿಕ್ಕಪ್ಪನೂ ಒಂದು ದಿನವೂ ಆ ಹೊಸಿಲು ದಾಟಿರಲಿಲ್ಲವಂತೆ. ಮೂಟೆಗಳು ಬಂದು ಹೋಗುವುದು ಕಂಡರೂ ಅದು ಹಿಂದಿನ ಚಾವಡಿಯ ವ್ಯಾಪಾರ, ನಮಗೇಕೆ ಎಂದು ಸುಮ್ಮನಿದ್ದರು.

ಆ ಹಿಂದಿನ ಚಾವಡಿಯಲ್ಲಿ, ಅವ್ವ ಗೂಡು ಬಿಡಿಸುತ್ತಿದ್ದ ಜಾಗದಲ್ಲಿ, ಐದಾರು ಹೆಂಗಸರು ಕವರಿನ ಗುಡ್ಡೆಯ ನಡುವೆ ಕೂತಿದ್ದರು. ವಾಸನೆಗೆ ನಾನೇ ಮೂಗಿಗೆ ಸೆರಗು ಹಿಡಿದೆ, ಕಸದಿಂದಲೇ ಅನ್ನ ತಿನ್ನುವ ನಾನು. ಗಂಗಹನುಮಯ್ಯ ಪಕ್ಕದಲ್ಲೇ ಕೈಕಟ್ಟಿಕೊಂಡು ನಿಂತಿದ್ದ. ಮೇಡಂ ಕೇಳಿದ್ದಕ್ಕೆಲ್ಲ ಅವರದು ಒಂದೇ ಉತ್ತರ. ಇಷ್ಟಪಟ್ಟು ಬಂದಿದ್ದೀರಾ? ಹೂಂ. ಊಟ ಸರಿಯಾಗಿದೆಯಾ? ಹೂಂ. ಕೂಲಿ ಸಿಗುತ್ತಾ? ಹೂಂ. ಇನ್ನೇನು ಎದ್ದು ಬರಬೇಕು, ನನ್ನ ಒಳಗಿನ ಹುಣ್ಣು ಸುಮ್ಮನಿರಬೇಕಲ್ಲ, ಬಾಗಿಲ ಹತ್ತಿರ ಕೂತಿದ್ದ ಅಂಕಮ್ಮ ಎಂಬ ಹುಡುಗಿಯನ್ನು ಸುಮ್ಮನೆ ಕೇಳಿದೆ, “ಗೌರಿಗೆ ತವರಿಂದ ಯಾರು ಬಂದಿದ್ರು?” ಎಂದು. ನಾವು ಹೆಂಗಸರು ಸಿಕ್ಕಾಗ ಕೇಳಿಕೊಳ್ಳುವ ಮಾತು ಅಷ್ಟೇ. ಅದಕ್ಕೆ ಹೂಂ ಎನ್ನುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು, “ನಾನಿಲ್ಲಿವ್ನಿ ಅಂತ ನಮ್ಮಣ್ಣಂಗೆ ಗೊತ್ತೇ ಇಲ್ಲ ಕಣಕ್ಕ” ಎಂದು ಅತ್ತಳು. ಅವಳು ಅತ್ತದ್ದೇ ತಡ, ಉಳಿದವರೂ ತಮ್ಮ ಕಷ್ಟ ಹೇಳಿಕೊಳ್ಳಲು ಶುರುಮಾಡಿದರು.

ಅವಳ ಊರು ಎಲ್ಲೋ ದೂರದ್ದಲ್ಲ ಅಣ್ಣ, ಮಾಗಡಿ ಕಡೆಯ ಗುಡೇಮಾರನಹಳ್ಳಿ. ಬೆಂಗಳೂರಿನ ಗಾರ್ಮೆಂಟ್ಸಿಗೆ ಸೇರಿಸುತ್ತೇನೆ ಎಂದು ಗಂಗಹನುಮಯ್ಯ ಕರೆದುಕೊಂಡು ಬಂದು ಇಲ್ಲಿ ಕೂಡಿಹಾಕಿದ್ದಾನೆ. ಫೋನು ಕಿತ್ತುಕೊಂಡಿದ್ದಾನೆ. ಕೂಲಿಯನ್ನು ಹೋಗುವಾಗ ಒಟ್ಟಿಗೆ ಕೊಡುತ್ತೇನೆ ಅನ್ನುತ್ತಾನೆ, ಹೋಗುವುದು ಯಾವಾಗ ಎಂದರೆ ಬಾಯಿ ಬಿಡುವುದಿಲ್ಲ. ಅವರ ರೇಷನ್ ಕಾರ್ಡು, ಓಟಿನ ಕಾರ್ಡು ಎಲ್ಲಿ ಎಂದು ಮೇಡಂ ಕೇಳಿದರೆ ಪುಣ್ಯದ ಕೆಲಸ ಮಾಡಿದವನ ಹಾಗೆ, “ಎಲ್ಲಾರ ಕಳ್ಕಂಬುಡ್ತಾರೆ ಅಂತ ನಾನೇ ಮಡೀಕಂಡಿವ್ನಿ, ಭದ್ರವಾಗವೆ ಮೇಡಮ್ಮೋರೆ” ಎಂದ. ನಾನು ಜೀಪು ಹತ್ತುವಾಗ ಹತ್ತಿರ ಬಂದು ಮೆಲ್ಲಗೆ, “ಇದು ನಿಮ್ಮಣ್ಣನ ಮನೆ ಕಣವ್ವ. ಕೇಸಾದ್ರೆ ಮೊದ್ಲು ಬರೋದು ಬಾಲರಾಜು ಹೆಸ್ರೇಯ. ಒಸಿ ಯೋಚ್ನೆ ಮಾಡು” ಎಂದ.

ದಾರಿಯುದ್ದಕ್ಕೂ ಯೋಚನೆ ಮಾಡಿದೆ. ಕಂಪನಿಯ ಮ್ಯಾನೇಜರಿಗೆ ಗೊತ್ತಾದಾಗ ಅವರು ಹಗುರವಾಗಿ, ನಾಳೆಯಿಂದ ಆತನ ಮಾಲು ಬೇಡ ಅಂದುಬಿಡಿ, ನಮ್ಮ ಕೈ ಚೊಕ್ಕಟವಾಗಿರುತ್ತದೆ ಎಂದರು. ನನಗೂ ಒಂದು ಗಳಿಗೆ ಅದೇ ಸರಿ ಅನ್ನಿಸಿತು. ನಿನ್ನ ಹೆಸರು ಉಳಿಯುತ್ತಿತ್ತು. ಆದರೆ ನಾವು ಬೇಡ ಎಂದರೆ ಅವನು ಅದೇ ಮೂಟೆಯನ್ನು ಇನ್ನೊಂದು ಕಂಪನಿಗೆ ಹಾಕುತ್ತಾನೆ, ಆ ಹೆಂಗಸರು ಮಾತ್ರ ನಮ್ಮ ಚಾವಡಿಯಲ್ಲೇ ಇರುತ್ತಾರೆ. ಅದನ್ನೇ ಹೇಳಿದೆ. ನನ್ನ ಗಂಟಲು ಅಷ್ಟು ದೊಡ್ಡದಿದೆ ಎಂದು ಆ ಆಫೀಸಿಗೆ ಅವತ್ತೇ ಗೊತ್ತಾಗಿದ್ದು. ಮೇಡಂ ನನ್ನ ಪಕ್ಕ ನಿಂತರು. ಇಬ್ಬರೂ ಕನಕಪುರದ ತಾಲ್ಲೂಕು ಕಚೇರಿಗೆ ಹೋಗಿ ದೂರು ಕೊಟ್ಟೆವು. ಮನೆ ಯಾರದು ಎಂದು ಕೇಳಿದರು. ನಮ್ಮಣ್ಣನದು, ಹುಳ ಸಾಕಲು ಕೊಟ್ಟಿದ್ದು, ಅವನಿಗೆ ಇದು ಗೊತ್ತಿಲ್ಲ ಎಂದು ಹೇಳಿ ರುಜು ಹಾಕಿದೆ. ಮಾರನೆಯ ದಿನವೇ ತಹಸೀಲ್ದಾರರು ಪೊಲೀಸರ ಜೊತೆ ಬಂದು ಬೀಗ ತೆಗೆಸಿದರು. ಗಂಗಹನುಮಯ್ಯ ಈಗ ಒಳಗಿದ್ದಾನೆ. ನಿನ್ನನ್ನು ಸಾಕ್ಷಿಯಾಗಿ ವಿಚಾರಿಸಬಹುದಂತೆ, ಹೆದರಬೇಡ.

ಅಂಕಮ್ಮನನ್ನು ಕರೆದುಕೊಂಡು ಹೋಗಲು ಅವಳ ಅಣ್ಣ ಬಂದಿದ್ದ. ಬರಿಗೈಲಿ ಬಂದಿದ್ದ ಪಾಪ, ಕಾಲಿಗೆ ಚಪ್ಪಲಿಯೂ ಇರಲಿಲ್ಲ. ತಂಗಿಯ ಕೈ ಹಿಡಿದುಕೊಂಡವನು ಬಸ್ಸು ಹತ್ತುವವರೆಗೂ ಬಿಡಲಿಲ್ಲ. ನಿಜ ಹೇಳುತ್ತೇನೆ ಅಣ್ಣ, ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟೆಲ್ಲ ಪಾಡು ಪಟ್ಟವಳ ಮೇಲೆ ಹೊಟ್ಟೆಕಿಚ್ಚು ಪಡುವುದೇ ಎಂದು ನನ್ನನ್ನು ನಾನೇ ಬೈದುಕೊಂಡೆ.

ಊರಿನಲ್ಲಿ ಈಗ ನಾನು ಕೆಟ್ಟವಳು. ಪರದೇಶದಲ್ಲಿರುವವನ ಮನೆಗೆ ಪೊಲೀಸರನ್ನು ಕರೆತಂದಳು ಎಂದು ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ. ಮಹಾಲಯ ಅಮಾವಾಸ್ಯೆಗೆ ಅವ್ವನಿಗೆ ಎಡೆ ಇಟ್ಟರಂತೆ, ನನಗೆ ಹೇಳಿ ಕಳಿಸಲಿಲ್ಲ. ಇಲ್ಲೇ ಒಂದು ಎಲೆ ಹಾಕಿ ಅವ್ವನಿಗೆ ಇಷ್ಟವಾದ ಹೀರೇಕಾಯಿ ಬಜ್ಜಿ ಮಾಡಿ ಇಟ್ಟೆ. ಕಾಗೆ ಕರೆಯಲೂ ಒಬ್ಬಳೇ. ನಮ್ಮನೆಯವರು ಮಲಗಿದ್ದರು, ಎಬ್ಬಿಸಲು ಮನಸ್ಸು ಬರಲಿಲ್ಲ. ನೀನೂ ಸಿಟ್ಟಾಗಿದ್ದರೆ ಬೈದು ಬರೆ, ನಿನ್ನ ಬೈಗುಳ ಓದಿಯೂ ಎಷ್ಟೋ ದಿನವಾಯಿತು.

ಮೈ ಕಡೆ ನೋಡಿಕೊ. ನಮ್ಮೂರ ಮಾರಮ್ಮ ನಿನ್ನನ್ನು ಕಾಯಲಿ. ನಮ್ಮನೆಯವರ ನಮಸ್ಕಾರಗಳನ್ನೂ ನಾನೇ ಸೇರಿಸಿದ್ದೇನೆ, ಎದ್ದ ಮೇಲೆ ಅವರಿಗೆ ಹೇಳುತ್ತೇನೆ.

ನಿನ್ನ ತಂಗಿ,
ಲತಾಮಣಿ

ತಾ.ಕ.: ರಹೀಮಾಳ ಗಂಡ ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಅವ್ವ ಸತ್ತಾಗ ನೀನು ಮಣ್ಣಿಗೆ ಬರಲಿಲ್ಲ ಎಂದು ಇಷ್ಟು ದಿನ ನಿನ್ನ ಮೇಲೆ ಮುನಿಸಿಕೊಂಡಿದ್ದೆ. ಗಂಗಹನುಮಯ್ಯ “ಭದ್ರವಾಗವೆ” ಎಂದ ದಿನದಿಂದ ನಿದ್ದೆಯಿಲ್ಲ ಅಣ್ಣ. ನಿನ್ನ ಪಾಸ್‌ಪೋರ್ಟು ನಿನ್ನ ಕೈಯಲ್ಲಿದೆಯಾ, ಇಲ್ಲ ನಿನ್ನ ಸೇಠನ ಹತ್ತಿರವಾ? ಅವತ್ತು ನೀನು ಬರಲಿಲ್ಲವೋ, ಅವರು ಬಿಡಲಿಲ್ಲವೋ? ಇದೊಂದನ್ನು ಬರೆದು ಇವರ ಕೈಗೇ ಕೊಡು, ಊರಿಗೆ ಬರುವವರ ಜೊತೆ ಕಳಿಸುತ್ತಾರೆ. ಫೋನಿನಲ್ಲಿ ಕೇಳೋಣವೆಂದರೆ ನಿನ್ನ ಪಕ್ಕದಲ್ಲಿ ಯಾರು ನಿಂತಿರುತ್ತಾರೋ ನನಗೆ ಗೊತ್ತಿಲ್ಲ.