ಛಾಟ ತೆಗೆದ ಅಧ್ಯಾಯ

ನಿಪ್ಪಾಣಿ,
೧೪ ಜುಲೈ ೨೦೧೧

ಗುರುಗಳಾದ ಬಾಳಗೌಡ ಸರ್ ಅವರಿಗೆ, ನಿಮ್ಮ ಹಳೆಯ ವಿದ್ಯಾರ್ಥಿನಿಯ ನಮಸ್ಕಾರ.

ಪೋರ್ಚುಗೀಸ್ ಭಾಷೆ ಬೆಳೆದುಬಂದ ಬಗೆಯನ್ನು ಕುರಿತ ನಿಮ್ಮ ಪುಸ್ತಕವನ್ನು ಚಿಕ್ಕೋಡಿಯಲ್ಲಿ ಕೊಂಡೆ. ಮೂರನೆಯ ಅಧ್ಯಾಯ ಚೆನ್ನಾಗಿದೆ. ಎರಡು ವರ್ಷದ ಹಿಂದೆ ನಾನು ಬರೆದುಕೊಟ್ಟಾಗ, ಕೆಲಸಕ್ಕೆ ಬಾರದು ಎಂದು ನೀವು ತೆಗೆದಿಟ್ಟುಕೊಂಡದ್ದು ಅದನ್ನೇ. ರೋಮನ್ ಸಿಪಾಯಿಗಳ ಒರಟು ಲ್ಯಾಟಿನ್ ಪೋರ್ಚುಗೀಸ್ ಆದದ್ದು, ಅರಬ್ಬಿ ಮಾತುಗಳು ಅದರಲ್ಲಿ ಬೆರೆತದ್ದು, ಅದು ಹಡಗು ಹತ್ತಿ ಗೋವೆಗೆ ಬಂದು ನಮಗೆ ತಂಬಾಕು, ಪಗಾರ ಎಂಬ ಮಾತುಗಳನ್ನು ಕೊಟ್ಟದ್ದು, ಎಲ್ಲ ನನ್ನ ವಾಕ್ಯಗಳೇ.

ಅವ್ವನಿಗೆ ಹೇಳಿದೆ. ಬೀಡಿ ಕಟ್ಟುತ್ತಲೇ ಅಂದಳು: "ಬರೋಬ್ಬರಿ ಇಲ್ಲಂತ ಛಾಟ ತಗದ ಬೀಡಿ ಕಾರ್ಖಾನಿ ಚೆಕರ್ ಒಗೀತಾನೇನ ಮಗಳ? ಕಟ್ಟಿದಾಕಿಗೆ ತಿರಗಿ ಕೊಡಂಗಿಲ್ಲ. ತಾನ ಮಾರಕೋತಾನ."

ಬೀಡಿ ಕಟ್ಟುವ ಮನೆಯಲ್ಲಿ ಬೆಳೆದೂ ನಾನು ನಕಲು ಪ್ರತಿ ಇಟ್ಟುಕೊಳ್ಳದೆ ಕೊಟ್ಟೆ. ಅದು ನನ್ನ ತಪ್ಪು.

ಜಗಳಕ್ಕಾಗಿ ಬರೆಯುತ್ತಿಲ್ಲ ಸರ್, ಒಂದು ಕೋರಿಕೆ ಇದೆ. ಸಿಪಾಯಿಗಳ ಕಥೆ ಕೇಳಿ, ಬೀಡಿ ಕಟ್ಟುತ್ತಿದ್ದ ನಿಮ್ಮ ತಾಯಿ "ಹಂಗಾರ ದುಡಿಯಾವರ ಮಾತ ಭಾಷಾ ಆತು ಅನ್ನು" ಎಂದರೆಂದು ನಲವತ್ತೊಂದನೆಯ ಪುಟದಲ್ಲಿ ಬರೆದಿದ್ದೀರಿ. ಅಥಣಿಯ ನಿಮ್ಮ ದ್ರಾಕ್ಷಿ ತೋಟದಲ್ಲಿ ಅವರ ಕೈಯಿಂದ ನಾನು ಚಹಾ ಕುಡಿದಿದ್ದೇನೆ. ಆ ಕೈ ಬೀಡಿ ಎಲೆ ಮುಟ್ಟಿದ ಕೈಯಲ್ಲ.

ಮರುಮುದ್ರಣದಲ್ಲಿ ಲ್ಯಾಟಿನ್, ಅರಬ್ಬಿ, ಹಡಗುಗಳೆಲ್ಲ ನಿಮ್ಮ ಹೆಸರಿನಲ್ಲೇ ಇರಲಿ. ನನ್ನ ಅವ್ವನನ್ನು ಮಾತ್ರ ತಿರುಗಿ ಕೊಡಿ.

ಇಂತಿ,
ಸೀತವ್ವನ ಮಗಳು
ಕಾಂಚನ