ಹಾರದ ಗಂಡುಸೊಳ್ಳೆಗಳು

ಚಾಮರಾಜಪೇಟೆ,
ಸೋಮವಾರ

ಡಾ. ಸಂಕರ್ಷಣ ಅವರಿಗೆ,

ನಿಮ್ಮ ಕರಪತ್ರವನ್ನು ನಮ್ಮ ಬೀದಿಯ ಮನೆಮನೆಯಲ್ಲಿ ಓದಿ ಹೇಳಿದವಳು ನಾನು. ವಿಕಿರಣದಿಂದ ಸಂತಾನಶಕ್ತಿ ಕಳೆದುಕೊಂಡ ಗಂಡುಸೊಳ್ಳೆ ಕಚ್ಚುವುದಿಲ್ಲ, ಹೆಣ್ಣಿನ ಜೊತೆ ಕೂಡಿ ಡೆಂಗಿ ಸೊಳ್ಳೆಯ ಸಂತತಿಯನ್ನೇ ನಿಲ್ಲಿಸುತ್ತದೆ, ಕೊಲ್ಲಬೇಡಿ ಎಂದೆ. ಪಕ್ಕದ ಮನೆಯ ರಂಗನಾಯಕಿ ಅಜ್ಜಿ ಸೊಳ್ಳೆ ಬ್ಯಾಟನ್ನು ಅಟ್ಟಕ್ಕೆ ಹಾಕಿ, "ನೀನು ಹೇಳಿದ್ಮೇಲೆ ಮುಗೀತು ಬಿಡೇ" ಅಂದರು.

ನೀವು ಕಳಿಸಿದ ಡಬ್ಬಿ ತೆರೆದಾಗ ಸೊಳ್ಳೆಗಳು ತಳದಲ್ಲಿ ಬಿದ್ದಿದ್ದವು. ಫೋನಿನಲ್ಲಿ, "ತಂಪಿಗೆ ಮಲಗಿವೆ, ಏಳ್ತಾವೆ" ಎಂದಿರಿ. ಅಜ್ಜಿಯ ಹಿತ್ತಲಲ್ಲಿ ಸುರಿದೆ. ಮರುದಿನ ಇರುವೆಗಳು ಅವನ್ನು ಹೊತ್ತೊಯ್ಯುತ್ತಿದ್ದವು. ಆಗಲಾದರೂ ನಾನು ಬ್ಯಾಟ್ ಇಳಿಸಿಕೊಡಬೇಕಿತ್ತು. ನಿಮ್ಮನ್ನೇ ನಂಬಿದೆ.

ವಿಕಿರಣ ಕೊಡುವಾಗ ಆಮ್ಲಜನಕ ತಗ್ಗಿಸಿದರೆ ಗಂಡುಗಳ ಬಲ ಉಳಿಯುತ್ತದೆ ಎಂದು ನಿಮ್ಮ ಕರಪತ್ರದ ನಾಲ್ಕನೇ ಪುಟವೇ ಹೇಳುತ್ತದೆ. ಯೋಜನೆಯ ಉದ್ಘಾಟನೆಯ ಅವಸರದಲ್ಲಿ ಅದನ್ನು ಕೈಬಿಟ್ಟಿರೆಂದು ನಿಮ್ಮ ಸಹಾಯಕಿ ಆರಾಧನಾ ಒಪ್ಪಿಕೊಂಡರು.

ಅಜ್ಜಿಗೆ ಡೆಂಗಿ. ನಿನ್ನೆ ಆಸ್ಪತ್ರೆಯಲ್ಲಿ, "ನಿನ್ನ ಗಂಡುಗಳು ಕೆಲ್ಸ ಮಾಡ್ತಿದಾವೇನೇ?" ಎಂದು ಕೇಳಿದರು. ಹೂಂ ಎಂದೆ. ಈ ಕೆಲಸದಲ್ಲಿ ತಿಳಿದೂ ನಾನು ಹೇಳಿದ ಮೊದಲ ಸುಳ್ಳು ಅದು.

ನಾಳೆ ನಾಲ್ಕು ಗಂಟೆಗೆ ಆಸ್ಪತ್ರೆಯೊಳಗೆ ಬಿಡುತ್ತಾರೆ. ನೀವು ಬಂದು ಅಜ್ಜಿಗೆ ನಿಜ ಹೇಳಿ. ಪಕ್ಕದಲ್ಲಿ ನಾನೂ ನಿಂತಿರುತ್ತೇನೆ.

ನಿಮ್ಮ ಕರಪತ್ರ ಹಂಚಿದ,
ಶಿವರಂಜಿನಿ