ಇಲೈತಿಯನನ್ನು ಆಡಿಸದ ಶನಿವಾರ

ಮಾರ್ಚ್ 4, ಮಂಗಳವಾರ. ಸಂಜೆ

ಇವತ್ತೂ ರಾಶಿ ರಾಶಿ ಹೋಟೆಲ್ ಬೆಡ್‌ಶೀಟು. ದಿನವಿಡೀ ಲಾಂಡ್ರಿಯಲ್ಲಿ ನಿಂತು ಮೊಣಕಾಲು ಊದಿದೆ. ಐಸ್ ಕಟ್ಟಿ ಕೂತೆ. ಒಲೆಯ ಮೇಲಿನ ಮರಗೆಣಸು ತಳ ಹಿಡಿಯಿತು — ದೊಡ್ಡಪ್ಪ ಬಂದಿದ್ದರಲ್ಲ.

ಊರ ಮುಖ್ಯಸ್ಥರು ಅವರು, ಸುಮ್ಮನೆ ಯಾರ ಬಾಗಿಲಿಗೂ ಬರುವವರಲ್ಲ. ಊರ ರಗ್ಬಿ ತಂಡದ ಕೋಚ್ ರಾಜಧಾನಿ ಸುವಾದಲ್ಲಿರುವ ಮಗಳ ಮನೆಗೆ ಹೊರಟುಹೋದನಂತೆ.

"ಬೇರೆ ಯಾರಾದ್ರೂ ಸಿಗೋ ತನಕ ನೀನೇ ನೋಡ್ಕೊಳ್ಳಮ್ಮ ಉನೈಸಿ. ದೇಶಕ್ಕೆ ಆಡಿದೋಳು ನಮ್ಮೂರಲ್ಲಿ ಇನ್ಯಾರಿದ್ದಾರೆ?"

"ಗಂಡಸರ ತಂಡಕ್ಕಾ?"

"ಚೆಂಡಿಗೇನು ಗಂಡು ಹೆಣ್ಣು ಗೊತ್ತಾಗುತ್ತಾ?"

ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರಿಗೂ ಬೇರೆ ದಾರಿಯಿರಲಿಲ್ಲ. ಒಂಬತ್ತು ವರ್ಷ ಫಿಜಿಗೆ ಆಡಿದೆ. ಮೊಣಕಾಲು ಕೆಟ್ಟು ಕಾಲು ಹೋದ ಮೇಲೆ ಚೆಂಡು ಮುಟ್ಟಿಲ್ಲ, ಮ್ಯಾಚ್ ಕೂಡ ನೋಡಿಲ್ಲ. ಆದರೂ ಹೂಂ ಅಂದುಬಿಟ್ಟೆ. ಯಾಕೋ.

ಮಾರ್ಚ್ 6, ಗುರುವಾರ

ಮೈದಾನಕ್ಕೆ ಇಳಿದವರು ಆರು ಜನ. ಉಳಿದವರೆಲ್ಲ ಹಲಸಿನ ಜಾತಿಯ ಆ ದೊಡ್ಡ ಮರದ ಕೆಳಗೆ ಕೂತು ಕಿಸಕಿಸ ನಗುತ್ತಿದ್ದರು. ನಡುವೆ ಇಲೈತಿಯ — ಗಂಡ ಸತ್ತ ತೊರಿಕಾಳ ಮಗ, ಊರಿಗೇ ಒಳ್ಳೆಯ ಆಟಗಾರ. ಅದು ಅವನಿಗೂ ಚೆನ್ನಾಗಿ ಗೊತ್ತು.

"ಅಕ್ಕಾ, ಬೆಡ್‌ಶೀಟ್ ಮಡಚೋದು ಯಾವತ್ತಿಂದ ಕಲಿಸ್ತೀಯಾ?"

"ಇವತ್ತಿಂದ್ಲೇ. ಚೆಂಡು ತಗೊಂಡು ನನ್ನ ದಾಟ್ಕೊಂಡ್ ಹೋಗು ನೋಡಣ."

ನಗುತ್ತಲೇ ಓಡಿ ಬಂದ. ನಾನು ಬಗ್ಗಿದೆ, ಭುಜವನ್ನು ಅವನ ತೊಡೆಗೆ ಕೊಟ್ಟೆ. ಪುಣ್ಯಾತ್ಮ ಅಂಗಾತ ಬಿದ್ದ. ಚೆಂಡು ಒಂದು ಕಡೆ, ಚಪ್ಪಲಿ ಒಂದು ಕಡೆ.

"ನೋಡಿದ್ಯಾ? ಹಿಂಗೇ ಮಡಚೋದು."

ಮರದ ಕೆಳಗಿನವರು ಬಿದ್ದು ಬಿದ್ದು ನಕ್ಕರು. ಒಬ್ಬೊಬ್ಬರಾಗಿ ಎದ್ದೂ ಬಂದರು. ಈಗ ಕಾಲು ಮಡಚಲಾಗುತ್ತಿಲ್ಲ. ಆಗದಿದ್ದರೆ ಹೋಗಲಿ.

ಏಪ್ರಿಲ್ 12, ಶನಿವಾರ

31–5. ಸೋಲು. ಕತ್ತಲಾದ ಮೇಲೆ ಲಾರಿಯಲ್ಲಿ ಊರಿಗೆ ಬಂದೆವು. ನನ್ನ ಹೆಸರಿಗೆ ಊರಿನಲ್ಲಿ ಇವತ್ತು ಏನೇನು ಬೈಗುಳ ಸೇರಿದೆಯೋ.

ಮೇ 24, ಶನಿವಾರ

ಗೆದ್ದೆವು. ಮತ್ತೆ! ಇಲೈತಿಯ ತಾನೇ ಓಡಬಹುದಾಗಿದ್ದ ಚೆಂಡನ್ನು ಪಕ್ಕದವನಿಗೆ ಕೊಟ್ಟ. ಅವನು ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಟ್ರೈ ಹೊಡೆದ. ಹನ್ನೊಂದು ವಾರ ಬಾಯಿ ನೋಯುವಷ್ಟು ಹೇಳಿದ್ದು ಇದನ್ನೇ. ಓಡಿಬಂದು, "ಸಾಕಾ ಅಕ್ಕಾ?" ಅಂದ. ಸಾಲದು ಅಂದೆ.

ಜೂನ್ 14, ಶನಿವಾರ

ಕಪ್ಪಿನ ಸೆಮಿಫೈನಲ್. ಎದುರಾಳಿಯ ಮಂಡಿ ಇಲೈತಿಯನ ತಲೆಗೆ ಬಡಿಯಿತು. ತಕ್ಷಣ ಎದ್ದ, ಕೈ ಎತ್ತಿದ. ಜನ ಚಪ್ಪಾಳೆ.

ಹಾಫ್‌ಟೈಮ್‌ನಲ್ಲಿ ನೀರು ಕುಡಿಯುತ್ತ ಕೇಳಿದ — "ಅಕ್ಕಾ, ನಾವು ಯಾರ ಮೇಲೆ ಆಡ್ತಿರೋದು?" ತಮಾಷೆ ಅಂದುಕೊಂಡೆ. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ.

ಹೊರಗೆ ಕೂರಿಸಿದೆ. ಅವನಿಲ್ಲದೆಯೇ ಹೇಗೋ ಗೆದ್ದೆವು. ಮುಂದಿನ ಶನಿವಾರ ಸಿಂಗಟೋಕದಲ್ಲಿ ಫೈನಲ್. ನ್ಯೂಜಿಲೆಂಡಿನ ಒಂದು ಕ್ಲಬ್ಬಿನವರು ಬರುತ್ತಿದ್ದಾರೆ — ಇಲೈತಿಯನನ್ನು ನೋಡಲೆಂದೇ.

ಜೂನ್ 16, ಸೋಮವಾರ

ನರ್ಸ್ ಹೇಳಿದ್ದು: ಮೂರು ವಾರ ಆಟದ ಮಾತೇ ಬೇಡ. ಇಲೈತಿಯ, "ತಲೆ ನೋವೇ ಇಲ್ಲ ಅಕ್ಕಾ, ದೇವರಾಣೆ," ಅಂದ. ಬಿಸಿಲಿಗೆ ಕಣ್ಣು ಬಿಡಲಾಗದೆ ಗೋಡೆ ಕಡೆ ತಿರುಗಿ ನಿಂತು ಆಣೆ ಹಾಕುತ್ತಿದ್ದ.

ಸಂಜೆ ತೊರಿಕಾ ಬಂದಳು. ಒಳಗೆ ಬಾ ಅಂದರೂ ಬರಲಿಲ್ಲ. ಅಂಗಳದಲ್ಲೇ ನಿಂತು ಕೂಗಿದಳು.

"ಅವರಪ್ಪ ಸತ್ತಾಗಿಂದ ಇದೊಂದು ದಿನಕ್ಕೆ ಕಾದಿದೀನಿ ಕಣೇ. ನಿನ್ನ ಆಟ ಮುಗೀತು ಅಂತ ನನ್ನ ಮಗಂದೂ ಮುಗಿಸ್ತೀಯಾ?"

ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಜೂನ್ 18, ಬುಧವಾರ

ದೊಡ್ಡಪ್ಪನ ಮನೆಯಲ್ಲಿ ಹಿರಿಯರೆಲ್ಲ ಸೇರಿದ್ದರು. ಎಲ್ಲರೂ ಕುಡಿಯಲೆಂದು ಬೇರಿನ ಪುಡಿಯ ಯಂಗೋನ ಕಲಸಿಟ್ಟಿದ್ದರು. ನಾನು ಚಾಪೆಯ ಕೆಳತುದಿಯಲ್ಲಿ, ಬಾಗಿಲ ಹತ್ತಿರ. ತೊರಿಕಾ ಮೂಲೆಯಲ್ಲಿ.

"ಇಪ್ಪತ್ತೇ ಇಪ್ಪತ್ತು ನಿಮಿಷ ಆಡಿಸಮ್ಮ," ಅಂದರು ದೊಡ್ಡಪ್ಪ. "ಅವರು ನೋಡ್ಕೊಂಡ್ ಹೋಗ್ಲಿ. ಹುಡುಗನ ಬಾಳು ನೆಟ್ಟಗಾಗುತ್ತೆ."

ಸಲೋತೆಯ ವಿಷಯ ಹೇಳಿದೆ. ನನ್ನ ಪಕ್ಕದಲ್ಲೇ ಆಡುತ್ತಿದ್ದವಳು. ತಲೆಗೆ ಪೆಟ್ಟು ಬಿದ್ದ ಮರುವಾರವೇ ಆಡಿಸಿದರು, ಮತ್ತೆ ಬಿತ್ತು. ಈಗ ಹಗಲಲ್ಲೂ ಕಿಟಕಿ ಮುಚ್ಚಿಕೊಂಡು ಮಲಗಿರುತ್ತಾಳೆ. ಹೋದ ಕ್ರಿಸ್‌ಮಸ್‌ಗೆ ನೋಡಲು ಹೋದರೆ, ತನ್ನ ಮಗಳನ್ನೇ ನನಗೆ ತೋರಿಸಿ, "ಈ ಪಾಪು ಯಾರ್ದು?" ಅಂದಳು.

"ನಾನಿರೋ ತನಕ ಆಡಿಸಲ್ಲ ದೊಡ್ಡಪ್ಪ. ಬೇಕಾದ್ರೆ ಕೋಚ್ ಬದಲಾಯಿಸಿ."

ಅವರಿಗೆ ಎದುರಾಡಿದ್ದು ಇದೇ ಮೊದಲು. ದೊಡ್ಡಪ್ಪ ತೆಂಗಿನ ಚಿಪ್ಪಿನಲ್ಲಿದ್ದ ಯಂಗೋನವನ್ನು ಒಂದೇ ಗುಟುಕಿಗೆ ಕುಡಿದರು. ತೊರಿಕಾ ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಜೂನ್ 21, ಶನಿವಾರ

ಕೋಚ್ ಆಗಿ ನೀನು ಬೇಡ ಎಂದು ಯಾರೂ ಹೇಳಿ ಕಳಿಸಲಿಲ್ಲ. ಲಾರಿ ಹತ್ತಿದೆ.

17–15. ಸೋತೆವು. ಕೊನೆಯ ನಿಮಿಷದಲ್ಲಿ ನಮ್ಮ ಕಿಕ್ ಕಂಬಕ್ಕೆ ಬಡಿದು ವಾಪಸ್ ಬಂತು. ಇಲೈತಿಯ ಗೆರೆಯಾಚೆ ಟೋಪಿ ಹಾಕಿ ಕೂತು, ತಲೆ ನೋವು ಮರೆತು ಕೂಗುತ್ತಿದ್ದ. ಗದರಿದೆ. ಕೇಳಲಿಲ್ಲ.

ನ್ಯೂಜಿಲೆಂಡಿನವನಿಗೆ ನಾನೇ ವಿಷಯ ಹೇಳಿದೆ. ಕೈ ಕುಲುಕಿದ. "ಮುಂದಿನ ವರ್ಷ ನೋಡೋಣ" ಅಂದ. ಹೀಗೆ ಅಂದುಹೋದವರು ಎಷ್ಟು ಜನ ತಿರುಗಿ ಬಂದಿದ್ದಾರೆ?

ಜೂನ್ 29, ಭಾನುವಾರ

ಚರ್ಚಿನಲ್ಲಿ ತೊರಿಕಾ ಬೇರೆ ಸಾಲಿನಲ್ಲಿ ಕೂತಳು. ಮನೆಗೆ ಬಂದರೆ ಬಾಗಿಲಲ್ಲಿ ಒಂದು ಪಾತ್ರೆ, ತೆಂಗಿನಹಾಲಲ್ಲಿ ಬೇಯಿಸಿದ ಕೆಸುವಿನೆಲೆ. ಇನ್ನೂ ಬಿಸಿಯಿತ್ತು. ಪಾತ್ರೆ ಯಾರದೆಂದು ಕೇಳಬೇಕಿಲ್ಲ. ತಳ ಕಾಣುವವರೆಗೂ ತಿಂದೆ.

ಜುಲೈ 19, ಶನಿವಾರ. ಬೆಳಿಗ್ಗೆ

ನರ್ಸ್ ಒಪ್ಪಿ ವಾರವಾಯಿತು. ಇವತ್ತು ನದಿಯಾಚೆ ಊರಿನವರ ಜೊತೆ ಆಟ. ಕಪ್ಪಿಲ್ಲ, ನೋಡಲು ಹೊರಗಿನವರೂ ಇಲ್ಲ. ಆದರೂ ಇಲೈತಿಯ ಎಲ್ಲರಿಗಿಂತ ಮೊದಲು ಲಾರಿಯಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಅವನಮ್ಮ! ಹೆದರಿಕೆಗೆ ಒಂದು ಮ್ಯಾಚನ್ನೂ ನೋಡಿದವಳಲ್ಲ.

"ಇವನ ತಲೆಗೆ ಏನಾದ್ರೂ ತಗುಲಿತೋ, ನೀನು ಕರೆಯೋಕೆ ಮುಂಚೆ ನಾನೇ ಒಳಗೆ ಬರ್ತೀನಿ ನೋಡು," ಅಂದಳು.

"ಬಾ ತೊರಿಕಾ. ಇಬ್ರೂ ಹೋಗಿ ಎಳ್ಕೊಂಡ್ ಬರಣ."

ಮೊದಲು ಮಗ ನಕ್ಕ. ಆಮೇಲೆ ಅವಳೂ. ಲಾರಿ ಹಾರ್ನ್ ಹೊಡೆಯುತ್ತಿದೆ. ನಾನೂ ಹಳೆಯ ಬೂಟಿನ ಲೇಸು ಎರಡು ಸಲ ಬಿಗಿದು ಕಟ್ಟಿದೆ, ಆಡಲು ಇಳಿಯುವ ಮುಂಚೆ ಕಟ್ಟುತ್ತಿದ್ದೆನಲ್ಲ, ಥೇಟ್ ಹಾಗೇ. ಕಾಲು ಹೋದ ಮೇಲೆ ಇನ್ನು ಈ ಜನ್ಮದಲ್ಲಿ ಅದನ್ನು ಹಾಕಲ್ಲ ಅಂದುಕೊಂಡಿದ್ದೆ.